ವಲಸೆಯಿಂದ ಒಂದು ದೇಶವು ದ್ವಿಭಾಷಿಯಾಗುವುದೇ?

ಈ ವರ್ಷ ಒಂಬತ್ತನೆಯ ತರಗತಿಗೆ ಭೂಗೋಳದ ಪಾಠ ಹೇಳುತ್ತಿದ್ದಾಗ ಗೋಡೆಯ ಮೇಲೆ ಉತ್ತರ ಅಮೆರಿಕದ ನಕ್ಷೆಯನ್ನು ತೂಗುಹಾಕಿದ್ದೆವು. ಊರುಗಳ ಹೆಸರುಗಳನ್ನು ಒಂದೊಂದಾಗಿ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ನಡುವೆ ತಡೆದು, "ಗುರುಗಳೇ, ಬೋಸ್ಟನ್, ನ್ಯೂಯಾರ್ಕ್ ಎಂಬವು ಇಂಗ್ಲಿಷಿನ ಹೆಸರುಗಳಂತೆ ಕೇಳಿಸುತ್ತವೆ. ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ, ಸ್ಯಾನ್ ಆಂಟೋನಿಯೊ ಎಂಬವು ಹಾಗೆ ಕೇಳಿಸುವುದಿಲ್ಲವಲ್ಲ?" ಎಂದು ಕೇಳಿದಳು. ಅವು ಸ್ಪ್ಯಾನಿಷ್ ಹೆಸರುಗಳೆಂದು ನಾವು ತಿಳಿಸಿದೆವು. ಕೂಡಲೇ ಹಿಂದಿನ ಬೆಂಚಿನಿಂದ ಇನ್ನೊಬ್ಬ ವಿದ್ಯಾರ್ಥಿಯು ಎದ್ದುನಿಂತು, "ಅಲ್ಲಿ ಈಗಲೂ ಆ ಭಾಷೆಯನ್ನಾಡುವವರು ಕೋಟಿಗಟ್ಟಲೆ ಇರುವರಂತೆ. ದಿನವೂ ಹೊಸಬರು ಬಂದು ಸೇರುವರಂತೆ. ಹಾಗಾದರೆ ಮುಂದೊಂದು ದಿನ ಅದು ಎರಡು ಭಾಷೆಗಳ ದೇಶವಾಗುವುದೇ?" ಎಂದನು.

ಅಷ್ಟರಲ್ಲಿ ಗಂಟೆ ಹೊಡೆದುದರಿಂದ ನಮ್ಮ ಉತ್ತರವು ಅರ್ಧಕ್ಕೇ ನಿಂತಿತು. ಪ್ರಶ್ನೆಯು ಮಾತ್ರ ನಮ್ಮನ್ನು ಬಿಡಲಿಲ್ಲ. ಸ್ವಂತ ನಾಡನ್ನು ಬಿಟ್ಟು ಪರಭಾಷೆಯ ನಗರದಲ್ಲಿ ನೆಲಸಿರುವ ನಮಗೆ, ವಲಸೆ ಹೋದವರ ಭಾಷೆಯ ಗತಿಯೇನು ಎಂಬ ವಿಚಾರವು ಬರಿಯ ಭೂಗೋಳದ ವಿಚಾರವಲ್ಲ. ಆದುದರಿಂದ ಅಂದು ಉಳಿದುಹೋದ ಉತ್ತರವನ್ನು ಈ ವಾರ್ಷಿಕ ಸಂಚಿಕೆಯಲ್ಲಿ ಪೂರ್ಣಗೊಳಿಸಬಯಸುತ್ತೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು: ವಲಸೆಯೊಂದರಿಂದಲೇ ಅಮೆರಿಕವು ದ್ವಿಭಾಷಾ ರಾಷ್ಟ್ರವಾಗಲಾರದು. ಭಾಷೆಗೆ ಜನಸಂಖ್ಯೆಯೆಂಬುದು ಕೆರೆಗೆ ಮಳೆಯಿದ್ದಂತೆ. ಮಳೆಯು ಎಷ್ಟೇ ಸುರಿಯಲಿ, ಏರಿ ಗಟ್ಟಿಯಾಗಿಲ್ಲದಿದ್ದರೆ ನೀರು ನಿಲ್ಲುವುದಿಲ್ಲ. ಮನೆಯ ಮಾತು, ಶಾಲೆಯ ಪಾಠ, ಊರಿನ ಮನ್ನಣೆ ಈ ಮೂರೂ ಸೇರಿ ಭಾಷೆಯ ಏರಿಯಾಗುತ್ತವೆ. ಈ ಮಾತಿಗೆ ಆಧಾರಗಳನ್ನು ಇನ್ನು ನೋಡೋಣ.

ಸ್ಪ್ಯಾನಿಷ್ ಭಾಷೆಯು ಅಮೆರಿಕಕ್ಕೆ ನಿನ್ನೆ ಮೊನ್ನೆ ಬಂದ ಅತಿಥಿಯೆಂದು ಭಾವಿಸುವುದು ತಪ್ಪು. ಸ್ಪೇನಿನವರು ಫ್ಲಾರಿಡದಲ್ಲಿ ಸೇಂಟ್ ಅಗಸ್ಟೀನ್ ಎಂಬ ಊರನ್ನು ಸ್ಥಾಪಿಸಿದುದು ೧೫೬೫ರಲ್ಲಿ. ಇಂಗ್ಲಿಷರ ಮೊದಲ ಸ್ಥಿರ ನೆಲೆಯಾದ ಜೇಮ್ಸ್‌ಟೌನ್ ಹುಟ್ಟಿದುದು ೧೬೦೭ರಲ್ಲಿ, ಎಂದರೆ ನಾಲ್ವತ್ತೆರಡು ವರ್ಷಗಳ ಅನಂತರ. ಫ್ಲಾರಿಡ ಎಂದರೆ ಹೂಗಳಿಂದ ತುಂಬಿದುದು, ನೆವಾಡ ಎಂದರೆ ಹಿಮ ಮುಸುಕಿದುದು, ಕೊಲೊರಾಡೊ ಎಂದರೆ ಕೆಂಬಣ್ಣದ್ದು. ೧೮೪೬ರಿಂದ ಎರಡು ವರ್ಷ ನಡೆದ ಯುದ್ಧದಲ್ಲಿ ಮೆಕ್ಸಿಕೊ ಸೋತಿತು. ೧೮೪೮ರ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದದಿಂದ ಕ್ಯಾಲಿಫೋರ್ನಿಯ, ನೆವಾಡ, ಯೂಟ ಹಾಗೂ ಇನ್ನೂ ಕೆಲವು ಪ್ರಾಂತಗಳ ಬಹುಭಾಗ ಅಮೆರಿಕದ ವಶವಾಯಿತು. ಅಲ್ಲಿದ್ದ ಸ್ಪ್ಯಾನಿಷ್ ಭಾಷಿಕರು ತಮ್ಮ ಮನೆಯ ಹೊಸಿಲನ್ನೂ ದಾಟಲಿಲ್ಲ. ಗಡಿಯೇ ಅವರನ್ನು ದಾಟಿ ಹೋಯಿತು.

ಹೊಸ ರಾಜ್ಯವಾದ ಕ್ಯಾಲಿಫೋರ್ನಿಯವು ೧೮೪೯ರ ತನ್ನ ಮೊದಲ ಸಂವಿಧಾನದಲ್ಲಿ ಕಾಯಿದೆಗಳೆಲ್ಲವೂ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲಿಯೂ ಪ್ರಕಟವಾಗಬೇಕೆಂದು ವಿಧಿಸಿತು. ಅದೇ ಕಾಲಕ್ಕೆ ಅಲ್ಲಿ ಚಿನ್ನ ದೊರೆಯಿತೆಂಬ ಸುದ್ದಿ ಹಬ್ಬಿ, ಇಂಗ್ಲಿಷನ್ನಾಡುವ ಜನರು ತಂಡತಂಡವಾಗಿ ಬಂದು ನೆಲಸಿದರು. ೧೮೭೯ರ ಎರಡನೆಯ ಸಂವಿಧಾನದಲ್ಲಿ ಆ ವಿಧಿಯು ಮಾಯವಾಗಿ, ಇಂಗ್ಲಿಷೊಂದೇ ಆಡಳಿತದ ಭಾಷೆಯಾಯಿತು. ಹೀಗೆ ಆ ನೆಲದಲ್ಲಿ ಮೊದಲು ಬೇರೂರಿದ್ದ ಭಾಷೆಯು ಮೂವತ್ತು ವರ್ಷಗಳಲ್ಲಿ ಕಚೇರಿಯಿಂದ ಹೊರಬಿದ್ದಿತು. ನಕ್ಷೆಯ ಮೇಲಿನ ಹೆಸರುಗಳು ಉಳಿದುವು. ಊರ ಹೆಸರು ಉಳಿಯುವುದರಿಂದ ಊರ ಭಾಷೆ ಉಳಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇನ್ನು ಈಗಿನ ಸ್ಥಿತಿಯನ್ನು ನೋಡೋಣ. ೧೯೬೫ರ ವಲಸೆಯ ಕಾಯಿದೆಯು ಹಳೆಯ ದೇಶವಾರು ಮಿತಿಗಳನ್ನು ತೆಗೆದುಹಾಕಿದ ಬಳಿಕ ಅಮೆರಿಕಕ್ಕೆ ಬರುವವರಲ್ಲಿ ಐರೋಪ್ಯರ ಪಾಲು ಕುಗ್ಗಿ, ಲ್ಯಾಟಿನ್ ಅಮೆರಿಕ ಹಾಗೂ ಏಷ್ಯಗಳವರ ಪಾಲು ಹೆಚ್ಚಿತು. ೧೯೮೦ರಲ್ಲಿ ಮನೆಯಲ್ಲಿ ಸ್ಪ್ಯಾನಿಷ್ ಆಡುವವರು ಸುಮಾರು ೧ ಕೋಟಿ ೧೦ ಲಕ್ಷ ಜನರಿದ್ದರು. ೨೦೧೯ರ ವೇಳೆಗೆ ಅವರ ಸಂಖ್ಯೆ ೪ ಕೋಟಿಯನ್ನು ಮೀರಿತು. ೨೦೨೦ರ ಜನಗಣತಿಯಂತೆ ದೇಶದ ೩೩ ಕೋಟಿ ಜನರಲ್ಲಿ ೬ ಕೋಟಿ ೨೦ ಲಕ್ಷಕ್ಕೂ ಮಿಕ್ಕವರು ತಮ್ಮನ್ನು ಹಿಸ್ಪಾನಿಕರೆಂದು, ಅಂದರೆ ಸ್ಪ್ಯಾನಿಷ್ ಪರಂಪರೆಗೆ ಸೇರಿದವರೆಂದು, ಬರೆಸಿದರು. ಐವರಲ್ಲಿ ಒಬ್ಬರ ಲೆಕ್ಕಕ್ಕೆ ಇದು ಹತ್ತಿರ. ಇಡೀ ಕರ್ನಾಟಕದ ಜನಸಂಖ್ಯೆಯು ೨೦೧೧ರಲ್ಲಿ ೬ ಕೋಟಿ ೧೧ ಲಕ್ಷವಿತ್ತೆಂಬುದನ್ನು ನೆನೆದರೆ, ಇದೆಷ್ಟು ದೊಡ್ಡ ಸಮುದಾಯವೆಂಬುದು ಅರಿವಾಗುವುದು.

ಈ ಅಂಕಿಗಳನ್ನು ಕಂಡು ಹಲವರು ಅಂಜಿದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಸ್ಯಾಮ್ಯುಯೆಲ್ ಹಂಟಿಂಗ್ಟನ್ನರು ೨೦೦೪ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, ಮೆಕ್ಸಿಕೊ ಮುಂತಾದ ಕಡೆಗಳಿಂದ ಎಡೆಬಿಡದೆ ಬರುತ್ತಿರುವ ಜನರಿಂದ ದೇಶವು ಎರಡು ಭಾಷೆಗಳ, ಎರಡು ಸಂಸ್ಕೃತಿಗಳ, ಎರಡು ಜನಾಂಗಗಳ ದೇಶವಾಗಿ ಒಡೆಯಬಹುದೆಂದು ಎಚ್ಚರಿಸಿದರು. ಹಂಟಿಂಗ್ಟನ್ನರು ಸಾಮಾನ್ಯ ವಿದ್ವಾಂಸರಲ್ಲ. ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವುದು ತರವಲ್ಲ. ಆದರೆ ಇದೇ ಅಂಜಿಕೆಯನ್ನು ಅಮೆರಿಕವು ಹಿಂದೆಯೂ ಒಮ್ಮೆ ಅನುಭವಿಸಿತ್ತು. ಅದು ಹೇಗೆ ಕೊನೆಗೊಂಡಿತೆಂಬುದನ್ನು ತಿಳಿದರೆ ಈಗಿನದನ್ನು ತೂಗಿ ನೋಡುವುದು ಸುಲಭವಾಗುತ್ತದೆ.

ಹದಿನೆಂಟನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯ ಪ್ರಾಂತಕ್ಕೆ ಜರ್ಮನರು ಬಹುಸಂಖ್ಯೆಯಲ್ಲಿ ಬಂದು ನೆಲಸಿದರು. ಮಿಂಚಿನ ಪ್ರಯೋಗದಿಂದ ನಿಮಗೆಲ್ಲ ಪರಿಚಿತರಾದ ಬೆಂಜಮಿನ್ ಫ್ರಾಂಕ್ಲಿನ್ನರು ವೃತ್ತಿಯಿಂದ ಮುದ್ರಕರು. ಅವರು ೧೭೩೨ರಲ್ಲಿ ಈ ಜನರಿಗಾಗಿ ಒಂದು ಜರ್ಮನ್ ಪತ್ರಿಕೆಯನ್ನು ಅಚ್ಚುಮಾಡಿದರು. ಅದು ಬಹುಕಾಲ ನಡೆಯಲಿಲ್ಲ. ಅದೇ ಫ್ರಾಂಕ್ಲಿನ್ನರು ೧೭೫೧ರಲ್ಲಿ ಬರೆದ ಲೇಖನದಲ್ಲಿ, ಇಂಗ್ಲಿಷರು ಕಟ್ಟಿದ ಪೆನ್ಸಿಲ್ವೇನಿಯವು ಪರಕೀಯರ ನಾಡಾಗಿ, ಇಂಗ್ಲಿಷರೇ ಜರ್ಮನರಾಗಿಬಿಡುವರೋ ಏನೋ ಎಂದು ಕಳವಳಗೊಂಡರು. ಪತ್ರಿಕೆಯನ್ನು ಮಾರುವಾಗ ಲಾಭವಾಗಿ ಕಂಡ ಭಾಷೆಯು ಮತವೆಣಿಸುವಾಗ ಅಪಾಯವಾಗಿ ಕಂಡಿತು. ಮಹಾಪುರುಷರ ಬಾಳಿನಲ್ಲಿಯೂ ಇಂತಹ ವಿರೋಧಗಳಿರುವುದುಂಟು.

ಮುಂದಿನ ಶತಮಾನದಲ್ಲಿ ಜರ್ಮನ್ ಭಾಷೆಯು ಅಲ್ಲಿ ಇನ್ನಷ್ಟು ಬೆಳೆಯಿತು. ಒಹಾಯೊ ರಾಜ್ಯವು ೧೮೩೯ರಲ್ಲಿ ಜರ್ಮನ್ ಕಲಿಸುವ ಸರಕಾರಿ ಶಾಲೆಗಳಿಗೆ ಅವಕಾಶವಿತ್ತಿತು. ಆದರೆ ೧೯೧೭ರಲ್ಲಿ ಅಮೆರಿಕವು ಜರ್ಮನಿಯ ಮೇಲೆ ಯುದ್ಧ ಸಾರಿದೊಡನೆ ಆ ಭಾಷೆಯನ್ನಾಡುವುದೇ ದ್ರೋಹವೆಂಬ ಭಾವನೆ ಹಬ್ಬಿತು. ನೆಬ್ರಾಸ್ಕ ರಾಜ್ಯವು ೧೯೧೯ರಲ್ಲಿ, ಎಂಟನೆಯ ತರಗತಿ ಮುಗಿಯದ ಮಕ್ಕಳಿಗೆ ಶಾಲೆಯಲ್ಲಿ ಪರಭಾಷೆಯನ್ನು ಕಲಿಸಕೂಡದೆಂದು ಕಾಯಿದೆ ಮಾಡಿತು. ರಾಬರ್ಟ್ ಮೇಯರ್ ಎಂಬ ಉಪಾಧ್ಯಾಯರು ೧೯೨೦ರಲ್ಲಿ ಹತ್ತು ವರ್ಷದ ಬಾಲಕನಿಗೆ ಬೈಬಲಿನ ಕಥೆಯನ್ನು ಜರ್ಮನ್ ಭಾಷೆಯಲ್ಲಿ ಓದಿಸಿದುದಕ್ಕಾಗಿ ಇಪ್ಪತ್ತೈದು ಡಾಲರು ದಂಡ ತೆರಬೇಕಾಯಿತು. ಅವರು ಸುಮ್ಮನಿರದೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋದರು. ೧೯೨೩ರಲ್ಲಿ ಆ ನ್ಯಾಯಾಲಯವು ಕಾಯಿದೆಯನ್ನು ರದ್ದುಪಡಿಸಿತು. ಉಪಾಧ್ಯಾಯ ವೃತ್ತಿಯವರಾದ ನಾವು ಆ ಮೇಯರರನ್ನು ಮನಸ್ಸಿನಲ್ಲಿಯೇ ವಂದಿಸುತ್ತೇವೆ.

ಗೆಲವು ದೊರೆತರೂ ಭಾಷೆಯು ಉಳಿಯಲಿಲ್ಲ. ಅಮೆರಿಕದಲ್ಲಿ ತಮ್ಮ ಪೂರ್ವಜರು ಜರ್ಮನರೆಂದು ಹೇಳಿಕೊಳ್ಳುವವರು ಇಂದಿಗೂ ೪ ಕೋಟಿಗೆ ಮಿಕ್ಕಿ ಇರುವರು. ಆದರೆ ಮನೆಯಲ್ಲಿ ಜರ್ಮನ್ ಆಡುವವರು ಸುಮಾರು ೧೦ ಲಕ್ಷ ಮಾತ್ರ. ಯುದ್ಧಕಾಲದ ದ್ವೇಷವು ಇದಕ್ಕೆ ಒಂದು ಕಾರಣವೇ ಸರಿ. ಆದರೆ ಯುದ್ಧಕ್ಕೆ ಮೊದಲೇ ಮೊಮ್ಮಕ್ಕಳು ಇಂಗ್ಲಿಷಿಗೆ ಹೊರಳತೊಡಗಿದ್ದರು. ಇಟಲಿಯವರು, ಪೋಲೆಂಡಿನವರು, ಸ್ವೀಡನ್ನಿನವರು, ಇವರಾರೊಡನೆಯೂ ಅಂದು ಅಮೆರಿಕಕ್ಕೆ ಯುದ್ಧವಿರಲಿಲ್ಲ. ಆದರೂ ಅವರ ಭಾಷೆಗಳೂ ಅದೇ ಹಾದಿ ಹಿಡಿದುವು. ಅಜ್ಜನು ತನ್ನ ಭಾಷೆಯಲ್ಲಿಯೇ ಬದುಕಿ, ಮಗನು ಎರಡನ್ನೂ ಆಡಿ, ಮೊಮ್ಮಗನು ಇಂಗ್ಲಿಷೊಂದನ್ನೇ ಬಲ್ಲವನಾಗುವುದು ಅಲ್ಲಿ ಹೆಚ್ಚುಕಡಮೆ ನಿಯಮದಂತೆ ನಡೆದುಬಂದಿದೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಜರ್ಮನಿಯು ಸಾಗರದಾಚೆಯ ದೇಶ. ಮೆಕ್ಸಿಕೊ ಪಕ್ಕದ ಮನೆ. ಎರಡು ದೇಶಗಳ ಗಡಿಯ ಉದ್ದ ೩,೧೦೦ ಕಿಲೋಮೀಟರಿಗೂ ಹೆಚ್ಚು. ಜರ್ಮನರ ವಲಸೆಯು ಒಂದು ಕಾಲಕ್ಕೆ ನಿಂತಿತು; ಸ್ಪ್ಯಾನಿಷ್ ಆಡುವವರ ವಲಸೆಯು ತಲೆಮಾರುಗಟ್ಟಲೆ ನಡೆದಿದೆ. ಅವರಿಗೆ ತಮ್ಮದೇ ಆಕಾಶವಾಣಿ, ದೂರದರ್ಶನ, ಪತ್ರಿಕೆಗಳಿವೆ. ಊರಿಗೆ ಹೋಗಿಬರುವ ಅನುಕೂಲವಿದೆ. ದಿನವೂ ದೂರವಾಣಿಯಲ್ಲಿ ಅಜ್ಜಿಯೊಡನೆ ಮಾತನಾಡಬಹುದು. ಹೀಗಿರುವಾಗ ಹಳೆಯ ನಿಯಮವು ಇವರಿಗೆ ಅನ್ವಯಿಸುವುದೇ? ಇದು ಯೋಗ್ಯವಾದ ಪ್ರಶ್ನೆ.

ಇದಕ್ಕೆ ಉತ್ತರವನ್ನು ಊಹೆಯಿಂದ ಹೇಳಬೇಕಾಗಿಲ್ಲ. ರೂಬೆನ್ ರುಂಬೌಟ್, ಡಗ್ಲಾಸ್ ಮ್ಯಾಸಿ, ಫ್ರಾಂಕ್ ಬೀನ್ ಎಂಬ ಮೂವರು ಸಮಾಜಶಾಸ್ತ್ರಜ್ಞರು ದಕ್ಷಿಣ ಕ್ಯಾಲಿಫೋರ್ನಿಯದ ವಲಸೆಗಾರ ಕುಟುಂಬಗಳನ್ನು ಪರಿಶೀಲಿಸಿ ೨೦೦೬ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ಸ್ಪ್ಯಾನಿಷಿಗೆ ಅದಕ್ಕಿಂತ ಅನುಕೂಲವಾದ ನೆಲ ಅಮೆರಿಕದಲ್ಲಿ ಹೆಚ್ಚಿಲ್ಲ. ಅಲ್ಲಿಯೂ ಮೆಕ್ಸಿಕೊ ಮೂಲದವರ ಸ್ಪ್ಯಾನಿಷ್, ಇತರರ ಭಾಷೆಗಳಿಗಿಂತ ಸ್ವಲ್ಪ ಹೆಚ್ಚು ಕಾಲ ಬಾಳಿದರೂ, ಮೂರನೆಯ ತಲೆಮಾರನ್ನು ದಾಟುವುದು ವಿರಳವೆಂದು ಅವರು ಕಂಡರು. ಪ್ಯೂ ಸಂಶೋಧನ ಕೇಂದ್ರವು ೨೦೨೩ರಲ್ಲಿ ಪ್ರಕಟಿಸಿದ ಸಮೀಕ್ಷೆಯೂ ಇದನ್ನೇ ಹೇಳುತ್ತದೆ. ವಲಸೆ ಬಂದವರಲ್ಲಿ ಬಹುತೇಕ ಎಲ್ಲರೂ ಸ್ಪ್ಯಾನಿಷ್‌ನಲ್ಲಿ ಚೆನ್ನಾಗಿ ಮಾತನಾಡಬಲ್ಲರು. ಮೂರನೆಯ ಮತ್ತು ಅನಂತರದ ತಲೆಮಾರುಗಳಲ್ಲಿ ಹಾಗೆ ಮಾತನಾಡಬಲ್ಲವರು ಮೂವರಲ್ಲಿ ಒಬ್ಬರಷ್ಟೇ. ಮನೆಯಲ್ಲಿ ಸ್ಪ್ಯಾನಿಷ್ ಆಡುವ ೪ ಕೋಟಿ ಜನರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿ ಇಂಗ್ಲಿಷನ್ನು ಬಹು ಚೆನ್ನಾಗಿ ಬಲ್ಲವರೇ.

ಹಾಗಾದರೆ ಬೀದಿಯಲ್ಲಿ, ಅಂಗಡಿಯಲ್ಲಿ ಆ ಭಾಷೆ ಎಂದೆಂದೂ ಕೇಳಿಸುತ್ತಲೇ ಇರುವುದು ಹೇಗೆ? ಹೊಳೆಯ ದಡದಲ್ಲಿ ನಿಂತು ನೋಡಿರಿ. ನಿನ್ನೆಯೂ ನೀರಿತ್ತು, ಇಂದೂ ನೀರಿದೆ. ಆದರೆ ನಿನ್ನೆಯ ನೀರು ಆಗಲೇ ಕಡಲನ್ನು ಸೇರಿದೆ. ಹಳೆಯ ಕುಟುಂಬಗಳು ಸದ್ದಿಲ್ಲದೆ ಇಂಗ್ಲಿಷಿಗೆ ಸೇರಿಹೋಗುವುವು. ಅವರ ಜಾಗಕ್ಕೆ ಹೊಸಬರು ಬರುವರು. ನೋಡುವವನ ಕಣ್ಣಿಗೆ ಬರುವವರು ಕಾಣುವರೇ ಹೊರತು ಕರಗಿದವರು ಕಾಣುವುದಿಲ್ಲ. ಅಂಜಿಕೆಯ ಮೂಲವೂ ಇದೇ. ಈ ಶತಮಾನದ ಆರಂಭದಿಂದೀಚೆಗೆ ಅಲ್ಲಿನ ಹಿಸ್ಪಾನಿಕರ ಸಂಖ್ಯೆಯು ಹೊಸ ವಲಸೆಗಿಂತ ಹೆಚ್ಚಾಗಿ ಅಲ್ಲಿಯೇ ಹುಟ್ಟಿದ ಮಕ್ಕಳಿಂದ ಬೆಳೆಯುತ್ತಿದೆ. ಅಲ್ಲಿ ಹುಟ್ಟಿದ ಮಗುವಿನ ಆಟದ ಭಾಷೆ, ಜಗಳದ ಭಾಷೆ, ಲೆಕ್ಕದ ಭಾಷೆ ಎಲ್ಲವೂ ಇಂಗ್ಲಿಷೇ. ಆದುದರಿಂದ ಜನರು ಹೆಚ್ಚುವರು. ಭಾಷೆಯು ಅದೇ ಪ್ರಮಾಣದಲ್ಲಿ ಹೆಚ್ಚದು.

ಇದಕ್ಕೆ ಎದುರಾಗಿ ಪೋರ್ಟೊ ರೀಕೊ ದ್ವೀಪವನ್ನು ನೋಡಿರಿ. ೧೮೯೮ರಲ್ಲಿ ಸ್ಪೇನಿನಿಂದ ಅದು ಅಮೆರಿಕದ ಕೈಸೇರಿತು. ೧೯೧೭ರಿಂದ ಅಲ್ಲಿಯವರು ಅಮೆರಿಕದ ಪ್ರಜೆಗಳು. ದ್ವೀಪದ ಶಾಲೆಗಳಲ್ಲಿ ಇಂಗ್ಲಿಷನ್ನು ಬೋಧನಭಾಷೆಯನ್ನಾಗಿ ಮಾಡಲು ಅರ್ಧ ಶತಮಾನದ ಕಾಲ ಹಲವು ಬಗೆಯ ಪ್ರಯತ್ನಗಳು ನಡೆದುವು. ಕೊನೆಗೆ ೧೯೪೯ರಲ್ಲಿ ಸ್ಪ್ಯಾನಿಷ್ ಮಾಧ್ಯಮವೇ ಮರಳಿ ಬಂದಿತು. ಇಂದಿಗೂ ಆ ದ್ವೀಪವು ಸ್ಪ್ಯಾನಿಷ್ ನಾಡೇ. ಆದರೆ ಅದೇ ದ್ವೀಪದಿಂದ ನ್ಯೂಯಾರ್ಕ್ ನಗರಕ್ಕೆ ಹೋಗಿ ನೆಲಸಿದವರ ಮೊಮ್ಮಕ್ಕಳಲ್ಲಿ ಬಹುಮಂದಿ ಇಂಗ್ಲಿಷಿಗೆ ಹೊರಳಿರುವರು. ಜನರು ಒಬ್ಬರೇ, ಭಾಷೆಯೂ ಒಂದೇ. ಒಂದೆಡೆ ಐವತ್ತು ವರ್ಷದ ಸರಕಾರಿ ಒತ್ತಾಯಕ್ಕೂ ಬಗ್ಗದ ಭಾಷೆಯು ಇನ್ನೊಂದೆಡೆ ಯಾರ ಒತ್ತಾಯವೂ ಇಲ್ಲದೆ ಸವೆಯಿತು. ಮನೆ, ಶಾಲೆ, ಸಂತೆ, ಕಚೇರಿ ಎಲ್ಲವೂ ಒಂದೇ ಭಾಷೆಯನ್ನಾಡುವ ಕಡೆ ಏರಿಯು ಗಟ್ಟಿಯಾಗಿತ್ತು. ಮನೆಯೊಂದೇ ಆಡಿದ ಕಡೆ ಅದು ಸೋರಿತು.

ಕೆನಡ ದೇಶವು ದ್ವಿಭಾಷಾ ರಾಷ್ಟ್ರವಲ್ಲವೆ ಎಂದು ಕೇಳಬಹುದು. ಅಹುದು. ೧೯೬೯ರ ಕಾಯಿದೆಯಿಂದ ಇಂಗ್ಲಿಷ್ ಮತ್ತು ಫ್ರೆಂಚ್ ಎರಡೂ ಅಲ್ಲಿಯ ರಾಜಭಾಷೆಗಳಾಗಿವೆ. ಆದರೆ ಫ್ರೆಂಚರು ಅಲ್ಲಿಗೆ ನಿನ್ನೆ ಬಂದವರಲ್ಲ. ಕ್ವಿಬೆಕ್ ನಗರವು ೧೬೦೮ರಲ್ಲಿಯೇ ಸ್ಥಾಪಿತವಾಯಿತು. ಅವರಿಗೆ ತಮ್ಮದೇ ಒಂದು ಪ್ರಾಂತವಿದೆ, ಶಾಸನಸಭೆಯಿದೆ. ಅಷ್ಟಿದ್ದೂ ೧೯೭೭ರಲ್ಲಿ ಆ ಪ್ರಾಂತವು ಫ್ರೆಂಚಿನ ರಕ್ಷಣೆಗಾಗಿ ಬಲವಾದ ಕಾಯಿದೆಯನ್ನು ಮಾಡಬೇಕಾಯಿತು. ಇಷ್ಟಾಗಿಯೂ ೨೦೨೧ರ ಗಣತಿಯಂತೆ ಎರಡೂ ಭಾಷೆಗಳಲ್ಲಿ ಮಾತನಾಡಬಲ್ಲವರು ದೇಶದಲ್ಲಿ ನೂರಕ್ಕೆ ಹದಿನೆಂಟು ಮಂದಿ ಮಾತ್ರ. ರಾಜ್ಯವು ದ್ವಿಭಾಷಿಯಾಗುವುದು ಬೇರೆ, ಜನರು ದ್ವಿಭಾಷಿಗಳಾಗುವುದು ಬೇರೆ. ಮೊದಲನೆಯದನ್ನು ಶಾಸನಸಭೆಯು ಒಂದು ದಿನದಲ್ಲಿ ಮಾಡಬಲ್ಲುದು. ಎರಡನೆಯದನ್ನು ತಾಯಿಯೂ ಉಪಾಧ್ಯಾಯನೂ ಸೇರಿ ಹದಿನೈದು ವರ್ಷ ದುಡಿದು ಮಾಡಬೇಕು.

ಅಮೆರಿಕದಲ್ಲಿಯೂ ಈ ಎರಡನೆಯ ಕೆಲಸವು ನಡೆದಿಲ್ಲವೆಂದಲ್ಲ. ೧೯೫೯ರ ಕ್ರಾಂತಿಯ ಅನಂತರ ಕ್ಯೂಬದಿಂದ ಅಸಂಖ್ಯ ಕುಟುಂಬಗಳು ಮಯಾಮಿ ನಗರಕ್ಕೆ ಬಂದುವು. ಅಲ್ಲಿಯ ಕೋರಲ್ ವೇ ಎಂಬ ಪ್ರಾಥಮಿಕ ಶಾಲೆಯಲ್ಲಿ ೧೯೬೩ರಲ್ಲಿ ಒಂದು ಪ್ರಯೋಗವು ಆರಂಭವಾಯಿತು. ಕ್ಯೂಬದ ಮಕ್ಕಳೂ ಅಮೆರಿಕದ ಮಕ್ಕಳೂ ಒಂದೇ ಶಾಲೆಯಲ್ಲಿ ಕುಳಿತು ದಿನದ ಒಂದು ಭಾಗ ಇಂಗ್ಲಿಷಿನಲ್ಲಿ, ಇನ್ನೊಂದು ಭಾಗ ಸ್ಪ್ಯಾನಿಷಿನಲ್ಲಿ ಕಲಿತರು. ಆ ಶಾಲೆಯು ಇಂದಿಗೂ ನಡೆಯುತ್ತಿದೆ. ಆ ನಗರವಿರುವ ಡೇಡ್ ಜಿಲ್ಲೆಯು ೧೯೭೩ರಲ್ಲಿ ತನ್ನನ್ನು ದ್ವಿಭಾಷಿಯೆಂದು ಘೋಷಿಸಿಕೊಂಡಿತು. ೧೯೮೦ರಲ್ಲಿ ಇನ್ನಷ್ಟು ಕ್ಯೂಬನರು ಬಂದ ವರ್ಷವೇ ಮತದಾರರು ಅದನ್ನು ತಿರಸ್ಕರಿಸಿ ಜಿಲ್ಲಾಡಳಿತವು ಇಂಗ್ಲಿಷಲ್ಲದ ಭಾಷೆಗೆ ಹಣ ವೆಚ್ಚಮಾಡಕೂಡದೆಂದರು. ೧೯೯೩ರಲ್ಲಿ ಆ ನಿಷೇಧವೂ ರದ್ದಾಯಿತು.

ದೇಶದ ನೀತಿಯೂ ಹೀಗೆಯೇ ತೂಗುಯ್ಯಾಲೆಯಾಡಿದೆ. ೧೯೬೮ರ ಕಾಯಿದೆಯು ದ್ವಿಭಾಷಾ ಶಿಕ್ಷಣಕ್ಕೆ ಕೇಂದ್ರದ ಹಣವನ್ನು ಒದಗಿಸಿತು. ಇಂಗ್ಲಿಷ್ ತಿಳಿಯದ ಚೀನೀ ಮಕ್ಕಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೭೪ರಲ್ಲಿ, ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ಎಲ್ಲರಿಗೂ ಒಂದೇ ಪುಸ್ತಕವನ್ನು ಕೊಟ್ಟ ಮಾತ್ರಕ್ಕೆ ಸಮಾನತೆಯಾಗದೆಂದು ತೀರ್ಮಾನಿಸಿತು. ಕ್ಯಾಲಿಫೋರ್ನಿಯದ ಮತದಾರರು ೧೯೯೮ರಲ್ಲಿ ದ್ವಿಭಾಷಾ ಶಿಕ್ಷಣವನ್ನು ಬಹುಮಟ್ಟಿಗೆ ನಿಲ್ಲಿಸಿದರು. ೨೦೧೬ರಲ್ಲಿ ಅದೇ ಮತದಾರರು ಬಹುಮತದಿಂದ ಅದಕ್ಕೆ ಮತ್ತೆ ಬಾಗಿಲು ತೆರೆದರು. ಕೇಂದ್ರದ ಮಟ್ಟದಲ್ಲಿ ಎರಡು ಶತಮಾನಕ್ಕೂ ಮಿಕ್ಕ ಕಾಲ ಆ ದೇಶಕ್ಕೆ ಯಾವುದೇ ಅಧಿಕೃತ ಭಾಷೆಯಿರಲಿಲ್ಲ. ೨೦೨೫ರ ಮಾರ್ಚ್ ೧ರಂದು ಅಧ್ಯಕ್ಷ ಟ್ರಂಪರು ಆಜ್ಞೆಯೊಂದರ ಮೂಲಕ ಇಂಗ್ಲಿಷನ್ನು ಅಧಿಕೃತ ಭಾಷೆಯೆಂದು ಸಾರಿದರು. ನಮ್ಮ ದೃಷ್ಟಿಯಲ್ಲಿ ಇದು ಇಲ್ಲದ ಹಗೆಯ ಎದುರು ಕತ್ತಿ ಹಿರಿದಂತಾಯಿತು. ಮೂರು ತಲೆಮಾರುಗಳಲ್ಲಿ ಎಲ್ಲರನ್ನೂ ತನ್ನೊಳಗೆ ಸೇರಿಸಿಕೊಳ್ಳುವ ಭಾಷೆಗೆ ಆಜ್ಞೆಯ ರಕ್ಷಣೆಯು ಬೇಕೆ?

ಹಾಗಾದರೆ ಅಪಾಯದಲ್ಲಿರುವುದು ಯಾವುದು? ಟೆಕ್ಸಾಸ್ ರಾಜ್ಯದ ಮಾರ್ಫ ಎಂಬ ಸಣ್ಣ ಊರಿನಲ್ಲಿ ಬ್ಲ್ಯಾಕ್‌ವೆಲ್ ಎಂಬ ಶಾಲೆಯಿತ್ತು. ಮೆಕ್ಸಿಕೊ ಮೂಲದ ಮಕ್ಕಳನ್ನು ಬೇರ್ಪಡಿಸಿ ಅಲ್ಲಿ ಓದಿಸುತ್ತಿದ್ದರು. ೧೯೫೪ರಲ್ಲಿ ಒಂದು ದಿನ ಮಕ್ಕಳೆಲ್ಲರಿಂದಲೂ ಇನ್ನು ಸ್ಪ್ಯಾನಿಷ್ ಆಡುವುದಿಲ್ಲವೆಂದು ಚೀಟಿಗಳಲ್ಲಿ ಬರೆಸಿ, ಆ ಚೀಟಿಗಳನ್ನು ಶವಪೆಟ್ಟಿಗೆಯಂತಹ ಪೆಟ್ಟಿಗೆಯಲ್ಲಿಟ್ಟು, ಶಾಲೆಯ ಅಂಗಳದಲ್ಲಿ ಹೂಳಿಸಿದರು. ತಾಯಿಯು ಜೋಗುಳ ಹಾಡಿದ ಭಾಷೆಗೆ ಮಕ್ಕಳ ಕೈಯಿಂದಲೇ ಅಂತ್ಯಕ್ರಿಯೆ! ಮಕ್ಕಳಿಗೆ ಇಂಗ್ಲಿಷ್ ಬರಲೆಂಬ ಉದ್ದೇಶವು ಕೆಟ್ಟದಾಗಿರಲಿಲ್ಲ. ಆದರೆ ಒಂದನ್ನು ಕಲಿಸಲು ಇನ್ನೊಂದನ್ನು ಹೂಳಬೇಕೆಂಬ ತಿಳಿವಳಿಕೆಯು ಕೆಟ್ಟದಾಗಿತ್ತು. ಆ ಶಾಲೆಯ ಹಳೆಯ ವಿದ್ಯಾರ್ಥಿಗಳು ವೃದ್ಧಾಪ್ಯದಲ್ಲಿ ಒಂದುಗೂಡಿ ಅದರ ಕಟ್ಟಡವನ್ನು ಉಳಿಸಲು ದುಡಿದರು. ೨೦೨೨ರಲ್ಲಿ ಅದನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳವಾಗಿ ಮಾಡುವ ಕಾಯಿದೆಯಾಯಿತು.

ದೇಶದ ಏಕತೆಯು ಅಪಾಯದಲ್ಲಿಲ್ಲ. ಅಜ್ಜಿ ಮತ್ತು ಮೊಮ್ಮಗುವಿನ ನಡುವಣ ಮಾತು ಅಪಾಯದಲ್ಲಿದೆ. ತಾಯಿಗೆ ಇಂಗ್ಲಿಷ್ ಬಾರದಿರುವಾಗ ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಹತ್ತು ವರ್ಷದ ಮಗುವೇ ದುಭಾಷಿಯಾಗಿ ನಿಲ್ಲುತ್ತದೆ. ಅದೇ ಮಗುವು ಬೆಳೆದು ತಂದೆಯಾದಾಗ ತನ್ನ ಮಗುವಿಗೆ ಆ ಭಾಷೆಯನ್ನು ಕೊಡುವುದಿಲ್ಲ. ಆ ಮೊಮ್ಮಗುವಿಗೆ ಅಜ್ಜಿಯ ಮುಖ ಗೊತ್ತು, ಕೈರುಚಿ ಗೊತ್ತು, ಮನಸ್ಸು ಗೊತ್ತಿಲ್ಲ. ಮೇಲೆ ಹೇಳಿದ ಪ್ಯೂ ಸಮೀಕ್ಷೆಯಲ್ಲಿ, ಸ್ಪ್ಯಾನಿಷ್ ಚೆನ್ನಾಗಿ ಬಾರದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ತಮ್ಮವರೇ ತಮ್ಮನ್ನು ಅದಕ್ಕಾಗಿ ಹೀಯಾಳಿಸಿರುವರೆಂದು ಹೇಳಿದರು. ಅಜ್ಜನು ಶಾಲೆಯಲ್ಲಿ ಭಾಷೆಯನ್ನಾಡಿದುದಕ್ಕೆ ನಾಚಿದನು. ಮೊಮ್ಮಗನು ಅದು ಬಾರದುದಕ್ಕೆ ನಾಚುತ್ತಿರುವನು. ಮುಂದಿನ ತಲೆಮಾರುಗಳೂ ಸ್ಪ್ಯಾನಿಷ್ ಆಡಬೇಕೆಂದು ಬಯಸುವವರು ಅವರಲ್ಲಿ ಬಹುಸಂಖ್ಯಾತರೇ. ಬಯಕೆಯಿದೆ, ಏರಿಯಿಲ್ಲ.

ವಿದ್ಯಾರ್ಥಿಮಿತ್ರರೇ, ಈ ಚಿತ್ರವನ್ನು ಎಲ್ಲಿಯೋ ಕಂಡಂತೆ ನಿಮಗೆ ತೋರುವುದಿಲ್ಲವೆ? ಈ ಮುಂಬಯಿಗೆ ದಕ್ಷಿಣ ಕನ್ನಡದ ಕಡೆಯಿಂದ ಬಂದ ಹುಡುಗರು ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಅಂತಹವರ ಮೊಮ್ಮಕ್ಕಳಲ್ಲಿ ಬಹುಮಂದಿ ಇಂದು ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಉತ್ತರಿಸುವರು. ನಮ್ಮ ತರಗತಿಯ ಹಾಜರಿ ಪುಸ್ತಕವನ್ನು ತೆರೆದರೆ ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯಿಂದ ದುಡಿಮೆಗಾಗಿ ಬಂದವರ ಮಕ್ಕಳ ಹೆಸರುಗಳೇ ಹೆಚ್ಚು. ಹೊಳೆಯಲ್ಲಿ ಇನ್ನೂ ನೀರಿದೆ. ಆದರೆ ಅದು ಹೊಸ ನೀರು. ಬೆಂಚುಗಳು ವರ್ಷೇವರ್ಷೇ ಖಾಲಿಯಾಗುತ್ತಿರುವುದನ್ನು ನೀವೂ ಬಲ್ಲಿರಿ. ಇಂಗ್ಲಿಷ್ ಶಾಲೆಗೆ ಮಗುವನ್ನು ಕಳುಹಿಸುವ ತಂದೆಯನ್ನು ನಾವು ದೂಷಿಸುವುದಿಲ್ಲ. ಅನ್ನದ ಚಿಂತೆ ದೊಡ್ಡದು. ಕನ್ನಡ ಮಾಧ್ಯಮದಲ್ಲಿಯೇ ಮೆಟ್ರಿಕ್ ಮುಗಿಸಿ ಈ ನಗರಕ್ಕೆ ಬಂದ ನಮಗೂ ಆ ಚಿಂತೆಯ ಪರಿಚಯವುಂಟು. ಅನ್ನದ ಭಾಷೆಯನ್ನು ಕಲಿಯಲು ಮನೆಯ ಭಾಷೆಯನ್ನು ಹೂಳಬೇಕಾಗಿಲ್ಲವೆಂಬುದೊಂದೇ ನಮ್ಮ ಮಾತು.

ಮೂರು ತಲೆಮಾರುಗಳ ಈ ಗತಿಯು ವಿಧಿಲಿಖಿತವೇನೂ ಅಲ್ಲ. ತಮಿಳುನಾಡಿನ ಸೇಲಂ, ಕೊಯಮತ್ತೂರುಗಳ ಕಡೆಯ ದೇವಾಂಗ ನೇಕಾರ ಮನೆತನಗಳು ಹಲವು ಶತಮಾನಗಳಿಂದ ಮನೆಯೊಳಗೆ ಕನ್ನಡವನ್ನೇ ಆಡುತ್ತ ಬಂದಿವೆ. ಪೆನ್ಸಿಲ್ವೇನಿಯದ ಆಮಿಷ್ ಪಂಥದವರು ಇಂದಿಗೂ ಜರ್ಮನಿನ ಒಂದು ಉಪಭಾಷೆಯನ್ನಾಡುವರು. ಆದರೆ ಆಮಿಷರು ಹೊರಜಗತ್ತಿನಿಂದ ದೂರವುಳಿದರು. ನೇಕಾರರಿಗೆ ಒಂದೇ ಕಸುಬು, ಒಂದೇ ಕೇರಿ, ತಮ್ಮತಮ್ಮೊಳಗೇ ನಂಟಸ್ತಿಕೆ ಇದ್ದುವು. ನಗರದ ಚಾಳಿನಲ್ಲಿ ಹತ್ತು ಭಾಷೆಯವರ ನಡುವೆ ಬಾಳುವ ನಮಗೆ ಆ ಗೋಡೆಗಳಿಲ್ಲ, ಬೇಕಾಗಿಯೂ ಇಲ್ಲ. ಗೋಡೆಯಿಲ್ಲದವರು ಬುದ್ಧಿಪೂರ್ವಕವಾಗಿ ಏರಿಯನ್ನು ಕಟ್ಟಬೇಕು.

ಆ ಕೆಲಸವು ನಿಮ್ಮ ಕೈಯಲ್ಲಿಯೇ ಇದೆ. ಮರಾಠಿಯನ್ನು ಚೆನ್ನಾಗಿ ಕಲಿಯಿರಿ, ಅದು ನಾವು ಉಣ್ಣುವ ನೆಲದ ಭಾಷೆ. ಇಂಗ್ಲಿಷನ್ನು ಅಂಜಿಕೆಯಿಲ್ಲದೆ ಕಲಿಯಿರಿ. ಕೋರಲ್ ವೇ ಶಾಲೆಯ ಮಕ್ಕಳ ತಲೆಗೆ ಎರಡು ಭಾಷೆಗಳು ಭಾರವಾಗಲಿಲ್ಲ. ನಿಮಗೆ ಮೂರು ನಾಲ್ಕಾದರೂ ಆಗದು. ಆದರೆ ಮನೆಯಲ್ಲಿ ತಮ್ಮ ತಂಗಿಯರೊಡನೆ ಕನ್ನಡದಲ್ಲಿಯೇ ಮಾತನಾಡಿರಿ. ಭಾಷೆಯು ಮೊದಲು ಸಾಯುವುದು ಒಡಹುಟ್ಟಿದವರ ನಡುವೆ. ತಂದೆತಾಯಿಗಳ ಸರದಿ ಆಮೇಲೆ ಬರುತ್ತದೆ. ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ಮಾತಿನಲ್ಲಿ ನಿಮಗೆ ಹೊಸತಾದ ಪದಗಳನ್ನು ಬರೆದುಕೊಂಡು ಬನ್ನಿರಿ. ಊರಿನವರಿಗೆ ತಿಂಗಳಿಗೊಂದು ಕಾಗದವನ್ನು ಸ್ವಂತ ಕೈಬರಹದಲ್ಲಿ ಬರೆಯಿರಿ. ಮುಂದೆ ನೀವು ತಂದೆತಾಯಿಗಳಾದಾಗ ಇದನ್ನು ನೆನೆದರೆ ಸಾಕು.

ನಕ್ಷೆಯ ಮುಂದೆ ನಿಂತು ಪ್ರಶ್ನೆ ಕೇಳಿದ ಆ ವಿದ್ಯಾರ್ಥಿಗೆ ನಮ್ಮ ಉತ್ತರವಿಷ್ಟು: ಅಮೆರಿಕದಲ್ಲಿ ಸ್ಪ್ಯಾನಿಷ್ ಬಹುಕಾಲ ಕೇಳಿಸುತ್ತಲೇ ಇರುವುದು, ಆದರೆ ಬರುವವರ ಬಲದಿಂದಲೇ ಆ ದೇಶವು ದ್ವಿಭಾಷಿಯಾಗಲಾರದು. ಅಲ್ಲಿಯ ಶಾಲೆಗಳೂ ಮನೆಗಳೂ ಮನಸ್ಸು ಮಾಡಿದರೆ ದ್ವಿಭಾಷಿಗಳಾದ ಮಕ್ಕಳು ಕೋಟಿಗಟ್ಟಲೆ ಬೆಳೆಯಬಲ್ಲರು. ಅದರಿಂದ ಇಂಗ್ಲಿಷಿಗೆ ಎಳ್ಳಷ್ಟೂ ನಷ್ಟವಿಲ್ಲ. ನಮ್ಮ ವಿಷಯವೂ ಇದೇ. ಊರಿನಿಂದ ನಾಳೆ ಇನ್ನೊಂದು ರೈಲು ಬರುವುದು, ಇನ್ನಷ್ಟು ಕನ್ನಡಿಗರು ಇಳಿಯುವರು. ಅವರು ಬರುವರೆಂಬ ನೆಚ್ಚಿಕೆಯಿಂದ ಇಲ್ಲಿರುವ ನಾವು ಬಾಯಿ ಕಟ್ಟಿ ಕೂರಬಾರದು.